ಒಂದೇ ನೆಲ, ಎರಡು ಗುತ್ತಿಗೆ: ಕಲ್ಲಿದ್ದಲ ಗಣಿಯ ನಡುವಿನ ಅನಿಲ ಬಾವಿ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಾಗಲಿ ಹಳಿಯಾಳದ ಬಯಲಿನಲ್ಲಾಗಲಿ ಕೊಳವೆಬಾವಿ ಕೊರೆಸಿದ ಕೃಷಿಕನಿಗೆ ‘ಕೇಸಿಂಗ್’ ಎಂದರೇನೆಂದು ಹೊಸದಾಗಿ ವಿವರಿಸಬೇಕಾಗಿಲ್ಲ. ಬೋರ್‌ವೆಲ್ ಲಾರಿಯವರು ಕೊಡುವ ಬಿಲ್ಲಿನಲ್ಲಿ ಕೊರೆತದ ಅಡಿಯ ದರ ಒಂದು ಸಾಲಾದರೆ ಕೇಸಿಂಗ್ ಪೈಪಿನ ಅಡಿಯ ದರ ಮತ್ತೊಂದು ಸಾಲು. ಮೇಲಿನ ಸಡಿಲ ಮಣ್ಣು ಕುಸಿದು ರಂಧ್ರ ಮುಚ್ಚಿಹೋಗದಂತೆ ಗಟ್ಟಿ ಬಂಡೆ ಸಿಗುವವರೆಗೆ ಇಳಿಸುವ ಕೊಳವೆ ಅದು. ಬಂಡೆ ಸಿಕ್ಕಿತೆಂದರೆ ಕೇಸಿಂಗ್ ನಿಲ್ಲುತ್ತದೆ. ಬಂಡೆ ಕದಲುವುದಿಲ್ಲವೆಂಬ ನಂಬಿಕೆಯ ಮೇಲೆ ಉಳಿದ ನೂರಾರು ಅಡಿ ಬರಿಯ ರಂಧ್ರವಾಗಿಯೇ ಇರುತ್ತದೆ. ಆ ನಂಬಿಕೆ ನಮ್ಮ ಕಡೆ ಸುಳ್ಳಾಗುವುದು ವಿರಳ.

ಅನಿಲದ ಬಾವಿಯಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಉಕ್ಕಿನ ಕೇಸಿಂಗ್ ತಳದವರೆಗೂ ಇಳಿಯುತ್ತದೆ. ಒಂದರೊಳಗೊಂದರಂತೆ ಎರಡು, ಮೂರು, ಕೆಲವೆಡೆ ನಾಲ್ಕು ಸುತ್ತು ಕೊಳವೆಗಳಿರುತ್ತವೆ. ಹೊರಸುತ್ತಿನ ಕೊಳವೆಗೂ ಬಂಡೆಗೂ ನಡುವಣ ಸಂದನ್ನು ಸಿಮೆಂಟಿನಿಂದ ಬಿಗಿಯಲಾಗುತ್ತದೆ. ಕೆಳಗಿನ ಅನಿಲವು ಕೊಳವೆಯ ಒಳಗಿಂದಲೇ ಮೇಲೆ ಬರಬೇಕು, ನಡುವೆ ಸಿಗುವ ಅಂತರ್ಜಲಕ್ಕಾಗಲಿ ಕಲ್ಲಿದ್ದಲ ಪದರಕ್ಕಾಗಲಿ ಸೋರಬಾರದು ಎಂಬುದೇ ಈ ಎಲ್ಲ ವೆಚ್ಚದ ಉದ್ದೇಶ. ಇಷ್ಟು ಬಿಗಿಯಾದ ವ್ಯವಸ್ಥೆಯೂ ಸುತ್ತಲಿನ ಬಂಡೆ ನಿಂತಲ್ಲೇ ನಿಂತಿರುತ್ತದೆಂಬ ನಂಬಿಕೆಯನ್ನೇ ಆಧರಿಸಿದೆ. ಅದೇ ನೆಲದಡಿ ಕಲ್ಲಿದ್ದಲನ್ನು ಸುರಂಗ ಗಣಿಯಿಂದ ತೆಗೆಯತೊಡಗಿದಾಗ ಆ ನಂಬಿಕೆ ಉಳಿಯುವುದಿಲ್ಲ.

ಉತ್ತರ ಕನ್ನಡದಲ್ಲಿ ಕಲ್ಲಿದ್ದಲ ಗಣಿಯೂ ಇಲ್ಲ, ಅನಿಲದ ಬಾವಿಯೂ ಇಲ್ಲ. ಹಾಗಿರುವಾಗ ಇಲ್ಲಿನ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ದಾಂಡೇಲಿಯ ಕಾಗದ ಕಾರ್ಖಾನೆಯ ಬಾಯ್ಲರುಗಳು ಉರಿಯುವುದು ಕಲ್ಲಿದ್ದಲಿನಿಂದ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ನಡೆಯುವುದು ನೆರೆರಾಜ್ಯದ ಸಿಂಗರೇಣಿಯೂ ಸೇರಿದಂತೆ ಹೊರಗಿನ ಗಣಿಗಳ ಕಲ್ಲಿದ್ದಲಿನಿಂದ. ಹೆಸ್ಕಾಂ ಬಿಲ್ಲಿನಲ್ಲಿ ಕಾಣುವ ‘ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ’ ಎಂಬ ಸಾಲಿಗೆ ಮೂಲ ಎಲ್ಲೋ ದೂರದ ಗಣಿಯ ಬಾಯಿಯಲ್ಲಿದೆ. ಇನ್ನು ಅನಿಲ: ದಾಭೋಳದಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿದ ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹಾಯ್ದು ಹೋಗಿದೆ. ದೇಶದೊಳಗಿನ ಅನಿಲ ಹೆಚ್ಚಿದಷ್ಟೂ ಆಮದು ಅನಿಲದ ಮೇಲಿನ ಅವಲಂಬನೆ ತಗ್ಗುತ್ತದೆ. ಗಣಿಗೂ ಬಾವಿಗೂ ಹುಟ್ಟುವ ತಂಟೆಯ ಖರ್ಚು ಕೊನೆಗೆ ಬಂದು ಸೇರುವುದು ಇಂಧನ ಕೊಳ್ಳುವವನ ಖಾತೆಗೆ. ಆದುದರಿಂದ ಆ ಖರ್ಚನ್ನು ಯಾರು, ಯಾವಾಗ, ಯಾವ ಲೆಕ್ಕದಲ್ಲಿ ಬರೆಯಬೇಕೆಂದು ಕೇಳುವ ಹಕ್ಕು ಕೊಳ್ಳುವವನಿಗೂ ಇದೆ.

ಕೊಳವೆ ಹೇಗೆ ಕೆಡುತ್ತದೆ?

ಸುರಂಗ ಗಣಿಗಾರಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಕಲ್ಲಿದ್ದಲಿನಲ್ಲೇ ಚೌಕಾಕಾರದ ಕಂಬಗಳನ್ನು ಬಿಟ್ಟು ಓಣಿಗಳನ್ನು ಕೊರೆಯುತ್ತಾರೆ. ಇದು ‘ಬೋರ್ಡ್ ಅಂಡ್ ಪಿಲ್ಲರ್’. ಎರಡನೆಯದು ‘ಲಾಂಗ್‌ವಾಲ್’. ಇಲ್ಲಿ ನೂರಾರು ಮೀಟರ್ ಅಗಲ, ಕಿಲೋಮೀಟರುಗಟ್ಟಲೆ ಉದ್ದದ ಕಲ್ಲಿದ್ದಲ ಪಟ್ಟಿಯೊಂದನ್ನು ಯಂತ್ರವು ಅಂಚಿನಿಂದ ಅಂಚಿಗೆ ಹೆರೆಯುತ್ತ ಮುಂದೆ ಸಾಗುತ್ತದೆ. ಯಂತ್ರದ ಮೇಲಿನ ಚಾವಣಿಯನ್ನು ಹೈಡ್ರಾಲಿಕ್ ಆಸರೆಗಳು ಹೊತ್ತಿರುತ್ತವೆ. ಆಸರೆ ಮುಂದಕ್ಕೆ ಸರಿದಂತೆ ಹಿಂದಿನ ಚಾವಣಿ ಕುಸಿದು ಬೀಳುತ್ತದೆ. ಇದು ಅಪಘಾತವಲ್ಲ, ಈ ವಿಧಾನದ ಲೆಕ್ಕಾಚಾರವೇ ಅದು. ಕುಸಿದ ರಾಶಿಗೆ ಗಣಿಯವರು ‘ಗೋಫ್’ ಎನ್ನುತ್ತಾರೆ.

ಗೋಫ್‌ನ ಮೇಲಿನ ಬಂಡೆಗಳು ಚಾಪೆಯಂತೆ ಬಾಗುತ್ತವೆ. ಪದರಕ್ಕೂ ಪದರಕ್ಕೂ ನಡುವೆ ಬಿರುಕು ತೆರೆಯುತ್ತದೆ. ಬಾಗು ಮೇಲೇರುತ್ತ ಹೋಗಿ ನೆಲದ ಮೇಲೆ ಹರಿವಾಣದಂತಹ ತಗ್ಗು ಕಾಣಿಸಿಕೊಳ್ಳುತ್ತದೆ. ಅಗಲವಾದ ಪಟ್ಟಿಯ ನಡುಭಾಗದಲ್ಲಿ ಈ ತಗ್ಗಿನ ಆಳವು ತೆಗೆದ ಕಲ್ಲಿದ್ದಲ ದಪ್ಪದ ಅರ್ಧವನ್ನೂ ಮೀರಬಹುದು. ತಗ್ಗು ಗಣಿಯ ಅಂಚಿಗೇ ನಿಲ್ಲುವುದೂ ಇಲ್ಲ. ಅಂಚಿನಿಂದ ಹೊರಕ್ಕೆ ಓರೆಯಾಗಿ ಹರಡುತ್ತದೆ. ಆ ಓರೆ 25 ಡಿಗ್ರಿ ಎಂದು ಹಿಡಿದರೂ 300 ಮೀಟರ್ ಆಳದ ಗಣಿಯ ಪ್ರಭಾವ ನೆಲದ ಮೇಲೆ ಅಂಚಿನಿಂದಾಚೆ ಸುಮಾರು 140 ಮೀಟರ್‌ವರೆಗೆ ಚಾಚುತ್ತದೆ.

ಈಗ ಈ ಬಂಡೆಗಳ ನಡುವೆ ನಿಂತಿರುವ ಉಕ್ಕಿನ ಕೊಳವೆಯನ್ನು ಊಹಿಸಿಕೊಳ್ಳಬೇಕು. ಪದರಗಳು ಒಂದರ ಮೇಲೊಂದು ಜಾರಿದರೆ ಕೊಳವೆ ಕತ್ತರಿಗೆ ಸಿಕ್ಕಂತೆ ಅಡ್ಡಕ್ಕೆ ಮುರಿಯುತ್ತದೆ ಅಥವಾ ಸೊಟ್ಟಗಾಗುತ್ತದೆ. ಗಟ್ಟಿ ಮರಳುಗಲ್ಲಿಗೂ ಮೆದುವಾದ ಜೇಡಿಗಲ್ಲಿಗೂ ನಡುವಣ ಗೆರೆಯೇ ಇಂಥ ಜಾರುವಿಕೆಗೆ ನೆಚ್ಚಿನ ಜಾಗ. ಇದು ಒಂದು ಬಗೆ. ಇನ್ನೊಂದು ಬಗೆ ಒತ್ತಡದ್ದು. ಅಕ್ಕಪಕ್ಕದ ಕಲ್ಲಿದ್ದಲನ್ನೆಲ್ಲ ತೆಗೆದ ಮೇಲೆ ಮೇಲಿನ ಭಾರವೆಲ್ಲ ಉಳಿಸಿದ ಕಂಬದ ಮೇಲೆ ಬೀಳುತ್ತದೆ. ಕಂಬ ಕುಗ್ಗುತ್ತದೆ, ಅದರೊಂದಿಗೆ ಅದರೊಳಗಿನ ಕೊಳವೆಯೂ ಕುಗ್ಗಬೇಕಾಗುತ್ತದೆ.

ಉಕ್ಕಿಗೆ ಈ ಕುಗ್ಗುವಿಕೆಯನ್ನು ತಾಳುವ ಶಕ್ತಿ ಎಷ್ಟೆಂಬುದನ್ನು ಪೈಪು ವ್ಯಾಪಾರದವರು ದರ್ಜೆಯ ಹೆಸರಿನಿಂದಲೇ ತಿಳಿಯಬಹುದು. ಜೆ-55, ಎನ್-80, ಪಿ-110 ಎಂಬ ಹೆಸರುಗಳಲ್ಲಿನ ಅಂಕಿ ಉಕ್ಕು ಶಾಶ್ವತವಾಗಿ ಬಾಗತೊಡಗುವ ಕನಿಷ್ಠ ಒತ್ತಡವನ್ನು ಚದರ ಅಂಗುಲಕ್ಕೆ ಸಾವಿರ ಪೌಂಡುಗಳ ಲೆಕ್ಕದಲ್ಲಿ ಹೇಳುತ್ತದೆ. ಬಲಿಷ್ಠವಾದ ಪಿ-110 ಕೂಡ ತನ್ನ ಉದ್ದದ ಸಾವಿರಕ್ಕೆ ಸುಮಾರು ನಾಲ್ಕು ಭಾಗ ಕುಗ್ಗುವವರೆಗೆ ಮಾತ್ರ ಮರಳಿ ಮೊದಲಿನಂತಾಗಬಲ್ಲದು. ಜೆ-55ಕ್ಕೆ ಎರಡು ಭಾಗವಷ್ಟೇ. ಮೂರು ಮೀಟರ್ ದಪ್ಪದ ಕಲ್ಲಿದ್ದಲ ಪದರ ಮೂರು ಸೆಂಟಿಮೀಟರ್ ಕುಗ್ಗಿದರೆ ಅದು ಸಾವಿರಕ್ಕೆ ಹತ್ತು. ಕೊಳವೆಯು ಆ ಪದರಕ್ಕೆ ಸಿಮೆಂಟಿನಿಂದ ಬಿಗಿದುಕೊಂಡಿದ್ದರೆ ಯಾವ ದರ್ಜೆಯ ಉಕ್ಕೂ ಮೊದಲ ರೂಪಕ್ಕೆ ಮರಳುವುದಿಲ್ಲ. ಹಾಗಾಗಿ ಕಲ್ಲಿದ್ದಲ ಮಟ್ಟದಲ್ಲಿ ಒಳಕೊಳವೆಯ ಸುತ್ತ ಸಿಮೆಂಟು ತುಂಬದೆ ಸಂದು ಬಿಡುವುದೇ ಲೇಸೆಂಬ ವಾದವೂ ಇದೆ. ಅನಿಲ ಸೋರದಿರಲು ಸಿಮೆಂಟು ಬೇಕು, ಕೊಳವೆ ನಲುಗದಿರಲು ಸಿಮೆಂಟು ಬೇಡ. ಎಂಜಿನಿಯರುಗಳು ಇವೆರಡರ ನಡುವೆ ದಾರಿ ಹುಡುಕುತ್ತಿದ್ದಾರೆ.

ಕೊಳವೆ ಬಿರಿದರೆ ಆಗುವುದು ಉತ್ಪಾದನೆಯ ನಷ್ಟವಷ್ಟೇ ಅಲ್ಲ. ಮೀಥೇನ್ ಗಣಿಯ ಓಣಿಗಳಿಗೆ ನುಗ್ಗುತ್ತದೆ. ಗಾಳಿಯಲ್ಲಿ ಮೀಥೇನ್ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. 2006ರ ಸೆಪ್ಟೆಂಬರಿನಲ್ಲಿ ಝರಿಯಾ ಕ್ಷೇತ್ರದ ಭಾಟ್‌ಡೀಹ್ ಗಣಿಯಲ್ಲಿ ಸ್ಫೋಟವಾಗಿ 50 ಮಂದಿ ಕಾರ್ಮಿಕರು ಮಡಿದರು. ಅದು ಬಾವಿಯ ಕೊಳವೆಯಿಂದಾದದ್ದಲ್ಲ. ಆದರೆ ಸುರಂಗದೊಳಗೆ ಉರಿಯುವ ಅನಿಲವೆಂದರೆ ಏನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪೆನ್ಸಿಲ್ವೇನಿಯಾದ ಪಾಠ

ಈ ಸಮಸ್ಯೆಯನ್ನು ಬಹುಕಾಲದಿಂದ ಎದುರಿಸಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ. ಅಲ್ಲಿ ‘ಪಿಟ್ಸ್‌ಬರ್ಗ್’ ಎಂಬ ಕಲ್ಲಿದ್ದಲ ಪದರವನ್ನು ತೂರಿಕೊಂಡು ಅನಿಲದ ಬಾವಿಗಳು ಇಳಿದಿವೆ. ಬಾವಿಯ ಸುತ್ತ ಎಷ್ಟು ಕಲ್ಲಿದ್ದಲು ಬಿಟ್ಟರೆ ಕ್ಷೇಮ ಎಂಬುದನ್ನು ನಿರ್ಧರಿಸಲು ಕಲ್ಲಿದ್ದಲು ಮತ್ತು ಅನಿಲ ಉದ್ಯಮಗಳೆರಡೂ ಸೇರಿದ ಸಮಿತಿಯೊಂದು 1957ರಲ್ಲಿ ಅಧ್ಯಯನ ಪ್ರಕಟಿಸಿತು. ಹಿಂದೆ ಕೆಟ್ಟ ಬಾವಿಗಳ ದಾಖಲೆಗಳನ್ನು ಪರಿಶೀಲಿಸಿ, ಆಳಕ್ಕೆ ತಕ್ಕಂತೆ ಬಿಡಬೇಕಾದ ಕಂಬದ ಗಾತ್ರವನ್ನು ಅದು ಸೂಚಿಸಿತು. ಅಮೆರಿಕದ ಒಕ್ಕೂಟ ನಿಯಮವೂ ಗಣಿಯೊಳಗಿನ ತೈಲ ಅಥವಾ ಅನಿಲ ಬಾವಿಯ ಸುತ್ತ, ಬೇರೆ ಅನುಮತಿ ಪಡೆಯದ ಹೊರತು, ಕನಿಷ್ಠ 300 ಅಡಿ ವ್ಯಾಸದ ತಡೆ ಉಳಿಸಬೇಕೆನ್ನುತ್ತದೆ. ಅಂದರೆ ಬಾವಿಯಿಂದ ಎಲ್ಲ ದಿಕ್ಕಿಗೂ ಸುಮಾರು 45 ಮೀಟರ್.

ನಮ್ಮ 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲಿ ರೈಲುಹಳಿ, ಸಾರ್ವಜನಿಕ ಕಾಮಗಾರಿ, ಕಟ್ಟಡಗಳಿಂದ ಅನುಮತಿಯಿಲ್ಲದೆ ಗಣಿ ಬರಬಾರದೆಂದು ಹಾಕಿದ್ದ ಅಂತರವೂ 45 ಮೀಟರ್. ಒಂದೇ ವರ್ಷ, ಒಂದೇ ಅಳತೆ. ಕಾಕತಾಳೀಯವೇ ಇರಬೇಕು. ಆದರೂ ಆ ಕಾಲದ ಎಂಜಿನಿಯರುಗಳ ಕೈ ಎರಡು ದೇಶಗಳಲ್ಲಿ ಒಂದೇ ಕಡೆ ನಿಂತದ್ದು ಕುತೂಹಲದ ಸಂಗತಿ.

1957ರ ಅಧ್ಯಯನ ನೋಡಿದ್ದು ಕಡಿಮೆ ಒತ್ತಡದ ಹಳೆಯ ಬಾವಿಗಳನ್ನು. ಈಗ ಅದೇ ಪ್ರದೇಶದಲ್ಲಿ ಸುಮಾರು 2 ಕಿಲೋಮೀಟರ್ ಆಳದ ಮಾರ್ಸೆಲಸ್ ಶೇಲ್‌ನಿಂದ ಅಧಿಕ ಒತ್ತಡದ ಅನಿಲವನ್ನು ತೆಗೆಯಲಾಗುತ್ತಿದೆ. ಒಂದೇ ಅಂಗಳದಲ್ಲಿ ಹಲವು ಬಾವಿಗಳು. ಕಲ್ಲಿದ್ದಲ ಕಂಪನಿಗಳು ಲಾಂಗ್‌ವಾಲ್ ಪಟ್ಟಿಗಳ ನಡುವೆ ಹೇಗೂ ಬಿಡಬೇಕಾದ ಕಂಬಗಳ ಸಾಲಿನಲ್ಲೇ ಬಾವಿಗಳು ಬರುವಂತೆ ನೋಡಿಕೊಳ್ಳುತ್ತವೆ. ಪಟ್ಟಿಯ ನಟ್ಟನಡುವೆ ಬಾವಿ ಸಿಕ್ಕಿದರೆ ಬಿಡುವ ಕಲ್ಲಿದ್ದಲಿಗಿಂತ ಯಂತ್ರ ಬಿಚ್ಚಿ ಆಚೆಬದಿಗೆ ಸಾಗಿಸಿ ಮತ್ತೆ ಜೋಡಿಸುವ ವಾರಗಳೇ ದುಬಾರಿ. ಹೀಗೆ ಕಂಬದೊಳಗೆ ನಿಂತ ಬಾವಿ ಒಂದು ಬದಿಯ ಪಟ್ಟಿ ಹೋದಾಗ ಒಮ್ಮೆ, ಇನ್ನೊಂದು ಬದಿಯ ಪಟ್ಟಿ ಹೋದಾಗ ಮತ್ತೊಮ್ಮೆ ಭಾರ ಹೊರುತ್ತದೆ.

ಅಲ್ಲಿನ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಸುಮಾರು 150 ಮೀಟರ್ ಮತ್ತು ಸುಮಾರು 340 ಮೀಟರ್ ಆಳದ ಎರಡು ತಾಣಗಳಲ್ಲಿ ಕಂಬದೊಳಗೆ ಉಪಕರಣಗಳನ್ನು ಇಳಿಸಿ ಅಳೆಯಿತು. ಆಳ ಕಡಿಮೆಯಿದ್ದಲ್ಲಿ ಅಡ್ಡ ಜಾರುವಿಕೆ ಹಲವುಪಟ್ಟು ಹೆಚ್ಚು, ಆಳ ಹೆಚ್ಚಿದ್ದಲ್ಲಿ ಮೇಲಿನಿಂದ ಒತ್ತುವ ಭಾರ ಮುಖ್ಯ ಎಂದು ಕಂಡುಬಂತು. ಆ ಎರಡು ತಾಣಗಳ ಮಟ್ಟಿಗೆ ಒಳಗಿನ ಪಿ-110 ಕೊಳವೆ ತಾಳಿಕೊಳ್ಳುತ್ತದೆಂದು ಲೆಕ್ಕ ತೋರಿಸಿತು. ಇದು ಸಮಾಧಾನದ ವಿಷಯ ನಿಜ. ಆದರೆ ಆಳ ಹೆಚ್ಚಿದರೆ ಸುರಕ್ಷಿತ, ಕಡಿಮೆಯಾದರೆ ಅಪಾಯ ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಪ್ರತಿ ನೆಲಕ್ಕೂ ಪ್ರತ್ಯೇಕ ಅಳತೆ ಬೇಕು. ಅಳತೆಗೆ ಹಣ ಬೇಕು.

ಕಂಬದ ಬೆಲೆ

ಬಿಟ್ಟ ಕಲ್ಲಿದ್ದಲ ಕಂಬವು ಯಾವ ಕಂಪನಿಯ ಲಾಭನಷ್ಟ ಪಟ್ಟಿಯಲ್ಲೂ ಖರ್ಚಾಗಿ ಕಾಣುವುದಿಲ್ಲ. ತೆಗೆಯದ ಸರಕಿಗೆ ಬಿಲ್ಲಿಲ್ಲ. ಆದರೆ ಅದು ಖರ್ಚೇ. ಉದಾಹರಣೆಗಾಗಿ ಲೆಕ್ಕ ಹಾಕಬಹುದು. 300 ಅಡಿ ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 6,560 ಚದರ ಮೀಟರ್. ಪದರದ ದಪ್ಪ 3 ಮೀಟರ್, ಪ್ರತಿ ಘನ ಮೀಟರಿಗೆ 1.4 ಟನ್ ಎಂದು ಹಿಡಿದರೆ ಸುಮಾರು 27,500 ಟನ್. ಟನ್ನಿಗೆ 2,500 ರೂಪಾಯಿಯ ಕಾಲ್ಪನಿಕ ದರದಲ್ಲಿ 6 ಕೋಟಿ 90 ಲಕ್ಷ ರೂಪಾಯಿಯ ಆಸುಪಾಸು. ಇದು ಒಂದು ಬಾವಿಗೆ. ಗಣಿಯ ಪ್ರಭಾವ ನೆಲದ ಮೇಲೂ ಸೋಂಕದಂತೆ ಮೇಲೆ ಹೇಳಿದ 140 ಮೀಟರ್ ಅಂತರ ಬಿಡಬೇಕೆಂದರೆ ಬಿಡುವ ಕಲ್ಲಿದ್ದಲು ಸುಮಾರು 2,58,000 ಟನ್, ಬೆಲೆ 64 ಕೋಟಿಗೂ ಮಿಗಿಲು. ಅಂತರ ಮೂರು ಪಟ್ಟಾದರೆ ಖರ್ಚು ಒಂಬತ್ತು ಪಟ್ಟು ಏರುತ್ತದೆ. ಗಣಿಯವರು ಅಂತರ ತಗ್ಗಿಸಲು ಹೆಣಗುವುದೂ ಅನಿಲದವರು ಹೆಚ್ಚಿಸಲು ಪಟ್ಟುಹಿಡಿಯುವುದೂ ಏಕೆಂದು ಈ ಅಂಕಿಗಳೇ ಹೇಳುತ್ತವೆ.

ಸರ್ಕಾರಕ್ಕೂ ಇದರಲ್ಲಿ ಪಾಲಿದೆ. ಕಲ್ಲಿದ್ದಲಿನ ರಾಜಧನ 2012ರಿಂದ ಬೆಲೆಯ ಶೇಕಡಾ 14. ನೆಲದಲ್ಲೇ ಉಳಿದ 27,500 ಟನ್ನಿನ ಮೇಲೆ ರಾಜ್ಯಕ್ಕೆ ತಪ್ಪುವ ರಾಜಧನ ಇದೇ ದರದಲ್ಲಿ 96 ಲಕ್ಷ ರೂಪಾಯಿ. (ಪಶ್ಚಿಮ ಬಂಗಾಳದ ರಾಜಧನ ಪದ್ಧತಿ ಬೇರೆ. ಅನಿಲದ ಬಾವಿಗಳು ಹೆಚ್ಚಾಗಿರುವುದು ಅಲ್ಲೇ ಎಂಬುದನ್ನೂ ಮರೆಯುವಂತಿಲ್ಲ.) ತೆರಿಗೆಯ ಬದಿಯಲ್ಲೂ ಎರಡು ಇಂಧನಗಳ ಹಾದಿ ಬೇರೆಬೇರೆ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಟನ್ನಿಗೆ 400 ರೂಪಾಯಿಯ ಪರಿಹಾರ ಉಪಕರ ರದ್ದಾಗಿ ಜಿಎಸ್‌ಟಿ ಶೇಕಡಾ 5ರಿಂದ 18ಕ್ಕೆ ಏರಿತು. ನೋಂದಾಯಿತ ತಯಾರಕನಿಗೆ ಆ ತೆರಿಗೆಯ ಹೂಡುವಳಿ ಜಮೆ ಸಿಗುತ್ತದೆ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲಾಗದು. ಬೆಳಗಾವಿಯ ಫೌಂಡ್ರಿಯೊಂದು ಕುಲುಮೆಗೆ ಅನಿಲ ಹಾಕಲೋ ಕಲ್ಲಿದ್ದಲು ಹಾಕಲೋ ಎಂದು ತೂಗುವಾಗ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ. ಅದು ಬೇರೆಯೇ ಲೇಖನದ ವಿಷಯ.

ನಮ್ಮ ದೇಶದ ಸ್ಥಿತಿ

ಕಲ್ಲಿದ್ದಲ ಪದರದೊಳಗಿನ ಮೀಥೇನನ್ನು ಬಾವಿಯ ಮೂಲಕ ತೆಗೆಯಲು ಕೇಂದ್ರ ಸರ್ಕಾರ 1997ರಲ್ಲಿ ನೀತಿ ರೂಪಿಸಿತು. ರಾಣಿಗಂಜ್ ದಕ್ಷಿಣ ಕ್ಷೇತ್ರದಲ್ಲಿ ಗ್ರೇಟ್ ಈಸ್ಟರ್ನ್ ಎನರ್ಜಿ ಸಂಸ್ಥೆ 2007ರಲ್ಲಿ ದೇಶದ ಮೊದಲ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಇಲ್ಲಿ ಪೆನ್ಸಿಲ್ವೇನಿಯಾಕ್ಕಿಂತ ಗಂಟು ಬಿಗಿಯಾಗಿದೆ. ಅಲ್ಲಿನ ಬಾವಿ ಕಲ್ಲಿದ್ದಲನ್ನು ದಾಟಿಕೊಂಡು ಕೆಳಗೆ ಹೋಗುತ್ತದೆ. ಇಲ್ಲಿನ ಬಾವಿಗೆ ಕಲ್ಲಿದ್ದಲೇ ಗುರಿ. ಇಂದು ಅನಿಲ ತೆಗೆದ ಪದರದಲ್ಲೇ ಮುಂದೊಂದು ದಿನ ಗಣಿಯ ಯಂತ್ರ ಹೋಗಬೇಕು. ಆಗ ಉಕ್ಕಿನ ಕೊಳವೆ ಯಂತ್ರದ ಹಲ್ಲಿಗೆ ಸಿಕ್ಕಬಾರದೆಂದು ಕಲ್ಲಿದ್ದಲ ಮಟ್ಟದಲ್ಲಿ ಫೈಬರ್‌ಗ್ಲಾಸ್ ಕೊಳವೆ ಬಳಸುವ ಪದ್ಧತಿ ಕೆಲವು ದೇಶಗಳಲ್ಲಿದೆ. ಇದುವರೆಗೆ ನಮ್ಮಲ್ಲಿ ಅನಿಲ ತೆಗೆಯುವುದು ಬಹುಮಟ್ಟಿಗೆ ಗಣಿ ಇನ್ನೂ ಮುಟ್ಟದ ಆಳದಿಂದ. ಹಾಗಾಗಿ ಎರಡರ ಘರ್ಷಣೆ ನೆಲದಡಿಗಿಂತ ಕಡತಗಳಲ್ಲೇ ಹೆಚ್ಚು ನಡೆದಿದೆ. ಝರಿಯಾದಲ್ಲಿ ಓಎನ್‌ಜಿಸಿಯ ಅನಿಲ ಕ್ಷೇತ್ರವೂ ಭಾರತ್ ಕೋಕಿಂಗ್ ಕೋಲ್ ಸಂಸ್ಥೆಯ ಗಣಿ ಪ್ರದೇಶವೂ ಒಂದರ ಮೇಲೊಂದು ಬಿದ್ದು ಎಲ್ಲೆಯ ಪ್ರಶ್ನೆ ವರ್ಷಾನುಗಟ್ಟಲೆ ಎಳೆಯಿತು.

ಈ ಬಿಡುವು ಬಹುಕಾಲ ಇರಲಾರದು. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಅದರಲ್ಲಿ ಸುರಂಗ ಗಣಿಗಳ ಪಾಲು ತೀರ ಸಣ್ಣದು. 2030ರ ವೇಳೆಗೆ ಸುರಂಗ ಗಣಿಗಳಿಂದಲೇ 10 ಕೋಟಿ ಟನ್ ತೆಗೆಯಬೇಕೆಂಬುದು ಕಲ್ಲಿದ್ದಲು ಸಚಿವಾಲಯದ ಗುರಿ. ಸಿಂಗರೇಣಿಯ ಅಡ್ರಿಯಾಲದಲ್ಲಿ, ರಾಣಿಗಂಜ್‌ನ ಝಾಂಝ್ರಾದಲ್ಲಿ, ಝರಿಯಾದ ಮೂನಿಡೀಹ್‌ನಲ್ಲಿ ಲಾಂಗ್‌ವಾಲ್ ಯಂತ್ರಗಳು ಈಗಾಗಲೇ ಇಳಿದಿವೆ. ಗಣಿ ಆಳಕ್ಕೆ ಹೋಗುತ್ತಿದೆ, ಬಾವಿ ಅಲ್ಲೇ ನಿಂತಿದೆ.

ಕಾನೂನಿನಲ್ಲಿ ಏನೂ ಆಗಿಲ್ಲವೆಂದು ಹೇಳುವಂತಿಲ್ಲ. 2018ರಲ್ಲಿ ಕೋಲ್ ಇಂಡಿಯಾ ಮತ್ತು ಅದರ ಅಂಗಸಂಸ್ಥೆಗಳಿಗೆ ತಮ್ಮ ಕಲ್ಲಿದ್ದಲ ಪ್ರದೇಶದಲ್ಲಿ ಪ್ರತ್ಯೇಕ ಪರವಾನಗಿಯಿಲ್ಲದೆ ಮೀಥೇನ್ ತೆಗೆಯಲು ಅವಕಾಶವಾಯಿತು. ಇದು ಸರಿಯಾದ ಹೆಜ್ಜೆ. ಗಣಿಯೂ ಬಾವಿಯೂ ಒಬ್ಬನದೇ ಆದರೆ ಕಂಬದ ನಷ್ಟವೂ ಅನಿಲದ ಲಾಭವೂ ಒಂದೇ ಖಾತೆಯಲ್ಲಿ ಕೂಡುತ್ತವೆ. ಮೊದಲು ಅನಿಲ, ಆಮೇಲೆ ಕಲ್ಲಿದ್ದಲು ಎಂಬ ಸರದಿಯನ್ನು ಆತ ತಾನಾಗಿಯೇ ಪಾಲಿಸುತ್ತಾನೆ. ಹಾಗೆ ಮಾಡಿದರೆ ಗಣಿಯೊಳಗಿನ ಮೀಥೇನ್ ಅಪಾಯವೂ ತಗ್ಗುತ್ತದೆ. 1948ರ ತೈಲಕ್ಷೇತ್ರ ಕಾಯ್ದೆಗೆ 2025ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಕಲ್ಲಿದ್ದಲ ಪದರದ ಮೀಥೇನನ್ನು ‘ಖನಿಜ ತೈಲ’ದ ವ್ಯಾಖ್ಯೆಯೊಳಗೆ ತಂದು, ಕಲ್ಲಿದ್ದಲನ್ನು ಹೊರಗಿಟ್ಟಿತು. ಯಾವುದು ಯಾರದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಎರಡು ಬೇರೆ ಹಕ್ಕುದಾರರಿರುವ ಕಡೆ ಕಂಬದ ಬೆಲೆ ಯಾರ ತಲೆಗೆ ಎಂಬುದನ್ನು ವ್ಯಾಖ್ಯೆಯೊಂದೇ ತೀರ್ಮಾನಿಸಲಾರದು.

ಮುಚ್ಚಿದ ಮೇಲಿನ ಹೊಣೆ

ಇದೆಲ್ಲ ಕರ್ನಾಟಕಕ್ಕೆ ಪರಕೀಯ ಎನ್ನುವವರಿಗೆ ಕೋಲಾರ ಚಿನ್ನದ ಗಣಿಯ ಚರಿತ್ರೆ ಸಾಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆತ್ತಿಕೊಂಡ ಆ ಗಣಿಗಳು ಚಾಂಪಿಯನ್ ರೀಫ್‌ನಲ್ಲಿ 3.2 ಕಿಲೋಮೀಟರ್ ಆಳಕ್ಕೆ ಇಳಿದವು. ಅಲ್ಲಿ ಕಲ್ಲಿದ್ದಲಿಲ್ಲ, ಅನಿಲವಿಲ್ಲ. ಆದರೆ ಅದಿರು ತೆಗೆದ ಪೊಳ್ಳಿನ ಸುತ್ತ ಒತ್ತಡ ಕೂಡಿಕೊಂಡು ಬಂಡೆ ಸಿಡಿಯುವುದು ಅಲ್ಲಿನ ನಿತ್ಯಭಯವಾಗಿತ್ತು. ಸಿಡಿತದ ಹೊಡೆತಕ್ಕೆ ಓಣಿಗಳು ಕುಸಿದವು, ಇಳಿಬಾವಿಗಳಿಗೆ ಧಕ್ಕೆಯಾಯಿತು, ಮೇಲಿನ ಮನೆಗಳೂ ನಡುಗಿದವು. ಪೊಳ್ಳುಗಳಿಗೆ ಗ್ರಾನೈಟ್ ಗೋಡೆಗಳ ಆಸರೆ ಕೊಡಲಾಯಿತು, ಆಮೇಲೆ ಕಾಂಕ್ರೀಟಿನದು. ಬಂಡೆಯ ವರ್ತನೆಯನ್ನು ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದದ್ದು ಬಹುಪಾಲು ಅಲ್ಲೇ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು.

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನೆಲದ ಕಂಪನ ಮಾತ್ರ ಮುಚ್ಚುವ ಆದೇಶಕ್ಕೆ ಓಗೊಡಲಿಲ್ಲ, ಆಮೇಲೂ ದಾಖಲಾಗುತ್ತಲೇ ಬಂತು. ಸೈನೈಡ್ ದಿಬ್ಬಗಳು ಊರಿನ ಪಕ್ಕ ಉಳಿದವು. ಉತ್ಪಾದನೆ ನಿಂತ ದಿನ ಹೊಣೆ ನಿಲ್ಲುವುದಿಲ್ಲ. ಸಂಬಳ ಕೊಡುವ ಕಂಪನಿ ಮಾತ್ರ ಇರುವುದಿಲ್ಲ.

ಅನಿಲ ಬಾವಿಯ ಆಯುಷ್ಯ ಹೆಚ್ಚೆಂದರೆ ಕೆಲವು ದಶಕ. ಗಣಿಯ ಯಂತ್ರ ಆ ಜಾಗಕ್ಕೆ ಬರುವುದು ಅದಕ್ಕಿಂತ ತಡವಾಗಿರಬಹುದು. ಅಷ್ಟರಲ್ಲಿ ಬಾವಿ ಕೊರೆದ ಕಂಪನಿ ಹೆಸರು ಬದಲಿಸಿರಬಹುದು, ವಿಲೀನವಾಗಿರಬಹುದು, ದಿವಾಳಿ ಸಂಹಿತೆಯಡಿ ಇನ್ನೊಬ್ಬರ ಕೈಸೇರಿರಬಹುದು. ಲೆಕ್ಕಪತ್ರ ಮಾನದಂಡ 29 ಹಾಗೂ ಅದಕ್ಕೆ ಸಂವಾದಿಯಾದ ಇಂಡ್ ಎಎಸ್ 37 ಪ್ರಕಾರ ಈಗಾಗಲೇ ಹುಟ್ಟಿರುವ ಬಾಧ್ಯತೆಗೆ, ಅದು ಪಾವತಿಯಾಗುವುದು ಎಷ್ಟೇ ದೂರವಿರಲಿ, ಇಂದೇ ಅವಕಾಶ ಮಾಡಿಡಬೇಕು. ಬಾವಿ ಮುಚ್ಚುವ ಖರ್ಚನ್ನು ಕಂಪನಿಗಳು ಹೀಗೆ ತೋರಿಸುತ್ತವೆ. ಆದರೆ ಪುಸ್ತಕದಲ್ಲಿ ಬರೆದಿಟ್ಟ ಅವಕಾಶ ಹಣವಲ್ಲ. ದಿವಾಳಿಯಾದ ದಿನ ಅದು ಬರಿಯ ಅಂಕಿ.

ಇದಕ್ಕೆ ಪರಿಹಾರದ ಮಾದರಿ ನಮ್ಮಲ್ಲೇ ಇದೆ. 2009ರ ಮಾರ್ಗಸೂಚಿಯು ಕಲ್ಲಿದ್ದಲ ಗಣಿಗಳು ಮುಚ್ಚುವ ವೆಚ್ಚಕ್ಕಾಗಿ ಎಸ್ಕ್ರೋ ಖಾತೆಯಲ್ಲಿ ವರ್ಷವರ್ಷವೂ ಹಣ ಇಡಬೇಕೆಂದು ವಿಧಿಸಿತು. ಆಗಿನ ಬೆಲೆಯಲ್ಲಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ಸುರಂಗ ಗಣಿಗೆ 1 ಲಕ್ಷ ರೂಪಾಯಿ. ಅನಂತರ ಈ ಮಾರ್ಗಸೂಚಿ ಪರಿಷ್ಕೃತವಾಗಿದೆ. ತೈಲ ಮತ್ತು ಅನಿಲಕ್ಕೆ 1999ರ ಸ್ಥಳ ಪುನಃಸ್ಥಾಪನಾ ನಿಧಿ ಯೋಜನೆಯಿತ್ತು. ಆ ನಿಧಿಗೆ ಇಟ್ಟ ಹಣವನ್ನು ಲಾಭದ ಶೇಕಡಾ 20ರ ಮಿತಿಯೊಳಗೆ ಆದಾಯದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 33ಎಬಿಎ ಕಲಮು ಅವಕಾಶ ಕೊಟ್ಟಿತ್ತು. ಎರಡು ಖಾತೆಗಳು ಬೇರೆಬೇರೆ ಸಚಿವಾಲಯಗಳ ಕಡೆ ಮುಖ ಮಾಡಿಕೊಂಡಿವೆ. ಎರಡರ ನಡುವೆ ನಿಂತಿರುವ ಕಲ್ಲಿದ್ದಲ ಕಂಬಕ್ಕೆ ಖಾತೆಯಿಲ್ಲ.

ವಾಣಿಜ್ಯ ಸಂಸ್ಥೆಗಳು ಈ ಬಗ್ಗೆ ಮೂರು ಬೇಡಿಕೆಗಳನ್ನು ಮುಂದಿಡುವುದು ಯುಕ್ತ. ಒಂದೇ ನೆಲದಲ್ಲಿ ಎರಡನೆಯವನಾಗಿ ಗುತ್ತಿಗೆ ಪಡೆದವನು ಮೊದಲಿನವನಿಗಾಗುವ ನಷ್ಟವನ್ನು ಹೊರಬೇಕೆಂಬುದು ಮೊದಲನೆಯದು. ಹರಾಜಿನಲ್ಲಿ ಕೂಗುವಾಗಲೇ ಆತ ಅದನ್ನು ಬೆಲೆಯಲ್ಲಿ ಕಳೆದುಕೊಂಡು ಕೂಗಲಿ. ಬಾವಿಯ ನಿಖರ ಸ್ಥಾನ, ಓರೆ, ಕೊಳವೆಯ ದರ್ಜೆ ಮತ್ತು ಸಿಮೆಂಟಿನ ವಿವರವನ್ನು ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಲ್ಲಿ ಕಂಪನಿಯ ಆಯುಷ್ಯಕ್ಕೆ ಸಂಬಂಧವಿಲ್ಲದಂತೆ ಕಾಪಿಡಬೇಕು. ಕಲ್ಲಿದ್ದಲ ಗಣಿಯ ನಿಯಮವೂ ತೈಲ ಗಣಿಯ ನಿಯಮವೂ ಅದೇ ಕಚೇರಿಯ ಅಧೀನದಲ್ಲಿರುವುದರಿಂದ ಹೊಸ ಇಲಾಖೆಯೇನೂ ಬೇಕಿಲ್ಲ. ಗಣಿ ಪಕ್ಕದಲ್ಲಿ ಹಾದುಹೋದ ನಂತರ ಬಾವಿಯ ಕೊಳವೆಯನ್ನು ಉಪಕರಣ ಇಳಿಸಿ ಅಳೆಸಿ, ಫಲಿತಾಂಶ ಬಂದ ಮೇಲಷ್ಟೇ ಎಸ್ಕ್ರೋ ಹಣ ಬಿಡುಗಡೆಯಾಗಬೇಕು. ಅಳೆಯುವ ಉಪಕರಣಗಳು, ಸಂವೇದಕಗಳು, ಜೋಡಣಾ ಭಾಗಗಳ ತಯಾರಿಕೆಗೆ ಹುಬ್ಬಳ್ಳಿ-ಬೆಳಗಾವಿ ಕಡೆಯ ಸಣ್ಣ ಕೈಗಾರಿಕೆಗಳಿಗೆ ಇಲ್ಲಿ ಮಾರುಕಟ್ಟೆಯೂ ತೆರೆಯುತ್ತದೆ. ಅದಕ್ಕೆ ಮೊದಲು ನಿಯಮ ಬರಬೇಕು. ನಿಯಮವಿಲ್ಲದ ಅಳತೆಗೆ ಯಾರೂ ಹಣ ತೆರುವುದಿಲ್ಲ.

ಮನವಿಯನ್ನು ಕಲ್ಲಿದ್ದಲು ಸಚಿವಾಲಯಕ್ಕೂ ಪೆಟ್ರೋಲಿಯಂ ಸಚಿವಾಲಯಕ್ಕೂ ಒಂದೇ ಪತ್ರದಲ್ಲಿ, ಎರಡೂ ವಿಳಾಸಗಳನ್ನು ಮೇಲೆ ಬರೆದು ಕಳುಹಿಸುವುದು ಲೇಸು. ಪ್ರತ್ಯೇಕವಾಗಿ ಹೋದರೆ ಪ್ರತಿಯೊಂದು ಸಚಿವಾಲಯವೂ ಮತ್ತೊಂದರ ಅಭಿಪ್ರಾಯ ಕೋರಿ ಕಡತವನ್ನು ಆಚೆಗೆ ಕಳುಹಿಸುತ್ತದೆ.